ಮೂಸಿ ನದಿಗೆ ಮೂಗುದಾರ ತೊಡಿಸಿದ ಸರ್ ಎಂ.ವಿ.

ಹೈದರಾಬಾದ್: ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ಆಚರಿಸಲಾಗುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ ಮತ್ತು ಸ್ಫೋಟಕಗಳನ್ನು ಹೊತ್ತಿದ್ದ ಫೋರ್ಟ್ ಸ್ಟೈಕಿನ್ ಹಡಗು ಸಿಡಿದಾಗ, ಬೆಂಕಿ ಆರಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಅವರ ನೆನಪಿನ ಸಪ್ತಾಹವಿದು. ಈ ದಿನಗಳಲ್ಲಿ ಶಾಲೆ, ಆಸ್ಪತ್ರೆ, ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ಅಣಕು ಕಾರ್ಯಾಚರಣೆಗಳು ನಡೆಯುತ್ತವೆ. ಬೆಂಕಿಯಿಲ್ಲದ ದಿನವೇ ಬೆಂಕಿಗೆ ಸಿದ್ಧರಾಗಬೇಕು ಎಂಬುದು ಅಗ್ನಿಶಾಮಕ ಸೇವೆಯ ಮೊದಲ ಪಾಠ. ಹಿರಿಯರು ಕಿರಿಯರಿಗೆ ಹೇಳಿಕೊಡುತ್ತ ಬಂದಿರುವ ಪಾಠವೂ ಅದೇ.

ತೆಲಂಗಾಣದಲ್ಲಿ ಈ ಇಲಾಖೆಯ ಹೆಸರಿನಲ್ಲೇ ಅಗ್ನಿಶಾಮಕ ಸೇವೆಯ ಜೊತೆಗೆ ವಿಪತ್ತು ಸ್ಪಂದನೆಯೂ ಸೇರಿದೆ. ಬೆಂಕಿ ಬಿದ್ದರೂ ನೆರೆ ಬಂದರೂ ಜನ ಎದುರು ನೋಡುವುದು ಇದೇ ಸಿಬ್ಬಂದಿಯನ್ನು. ನೆರೆಯ ವಿಷಯದಲ್ಲಿ ಅದೇ ಮೊದಲ ಪಾಠವನ್ನು ಶತಮಾನಕ್ಕೂ ಹಿಂದೆ ಹೈದರಾಬಾದಿಗೆ ಕಲಿಸಿಕೊಟ್ಟವರು ಒಬ್ಬ ಕನ್ನಡಿಗರು ಎಂಬುದು ಇಲ್ಲಿನ ಕನ್ನಡಿಗರಿಗೆಲ್ಲ ಹೆಮ್ಮೆಯ ಸಂಗತಿ. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೂಸಿ ನದಿಯ ಪ್ರವಾಹ ತಡೆಯುವ ಕೆಲಸಕ್ಕೆ ಹೈದರಾಬಾದಿನಲ್ಲಿ ಅಧಿಕಾರ ವಹಿಸಿಕೊಂಡದ್ದು 1909ರ ಏಪ್ರಿಲ್ 15ರಂದು. ಇಂದಿನ ಅಗ್ನಿಶಾಮಕ ಸಪ್ತಾಹದ ನಡುವೆಯೇ ಆ ದಿನ ಬರುತ್ತದೆ.

ಮುದ್ದೇನಹಳ್ಳಿಯ ಹುಡುಗ

ಸರ್ ಎಂ.ವಿ. ಎಂದರೆ ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರಿನ ದಿವಾನಗಿರಿ ಎಂಬುದು ಕನ್ನಡಿಗರಿಗೆ ಬಾಯಿಪಾಠ. ಆದರೆ ಅವೆಲ್ಲಕ್ಕೂ ಮೊದಲು ಅವರು ಹೈದರಾಬಾದಿಗಾಗಿ ದುಡಿದ ಏಳು ತಿಂಗಳ ಕಥೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಅವರ ಹುಟ್ಟೂರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಹಿರೀಕರು ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಎಂಬ ಊರಿನಿಂದ ವಲಸೆ ಬಂದವರಾದ್ದರಿಂದ ಆ ಊರಿನ ಹೆಸರು ಮನೆತನಕ್ಕೆ ಅಂಟಿಕೊಂಡಿತು. ಊರು ಬಿಟ್ಟು ಬಂದ ಮನೆತನದ ಕುಡಿ ಮುಂದೆ ತೆಲುಗು ನಾಡಿನ ನಗರವೊಂದರ ಕಷ್ಟಕಾಲಕ್ಕೆ ಒದಗಿದ್ದು ವಿಶೇಷ.

ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಬಾಲಕ ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರ ಆಸರೆಯಲ್ಲಿ ಓದಿದರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಖರ್ಚಿಗೆಂದು ಮನೆಪಾಠ ಹೇಳಿದರು. ಅಂದರೆ ಕಲಿಯುವುದೂ ಕಲಿಸುವುದೂ ಅವರ ಬಾಳಿನಲ್ಲಿ ಒಟ್ಟೊಟ್ಟಿಗೇ ಆರಂಭವಾಯಿತು. ಕಾಲೇಜಿನ ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್ ಅವರಿಗೆ ಗಣಿತದಲ್ಲಿ ಚುರುಕಾಗಿದ್ದ ಈ ಬಡ ವಿದ್ಯಾರ್ಥಿಯ ಮೇಲೆ ವಿಶೇಷ ಅಭಿಮಾನ. ಆ ಗುರುವಿನ ಒತ್ತಾಸೆ ಮತ್ತು ಮೈಸೂರು ಸರಕಾರದ ವಿದ್ಯಾರ್ಥಿವೇತನದ ಬಲದಿಂದ ವಿಶ್ವೇಶ್ವರಯ್ಯನವರು ಪುಣೆಯ ವಿಜ್ಞಾನ ಕಾಲೇಜು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಗುರು ಒಬ್ಬರು ಗುರುತಿಸದೇ ಹೋಗಿದ್ದರೆ ತಮ್ಮಂಥ ಹುಡುಗರ ಗತಿ ಏನು ಎಂಬುದನ್ನು ಅವರು ಜೀವನಪರ್ಯಂತ ಮರೆಯಲಿಲ್ಲ. ಅವರು ಮುಂದೆ ಕಟ್ಟಿದ ವಿದ್ಯಾಸಂಸ್ಥೆಗಳೇ ಇದಕ್ಕೆ ಸಾಕ್ಷಿ.

ನೀರಿನ ಕೆಲಸದಲ್ಲಿ ಪಳಗಿದ ಕೈ

1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ಸೇರಿದ ಅವರಿಗೆ ಮೊದಲು ಸಿಕ್ಕಿದ್ದು ನಾಸಿಕ್ ಜಿಲ್ಲೆಯ ಕೆಲಸ. ಬಳಿಕ ಖಾನ್‌ದೇಶದ ಪಾಂಜರಾ ನದಿಗೆ ಅಡ್ಡಲಾಗಿ ಸೈಫನ್ ಕೊಳವೆ ಹಾಯಿಸುವ ಹೊಣೆ ಬಂತು. ಮಳೆಗಾಲದ ನದಿ ಎಂದರೇನು, ಅದು ಎಷ್ಟು ಹೊತ್ತಿನಲ್ಲಿ ಎಷ್ಟು ಏರುತ್ತದೆ ಎಂಬುದನ್ನು ಹೊಸ ಇಂಜಿನಿಯರ್ ಅಲ್ಲಿ ಕಣ್ಣಾರೆ ಕಂಡು ಕಲಿತರು. 1890ರ ದಶಕದ ನಡುವೆ ಸಿಂಧ್‌ನ ಸುಕ್ಕೂರು ಪಟ್ಟಣಕ್ಕೆ ಕುಡಿಯುವ ನೀರು ತಂದರು. 1906ರಲ್ಲಿ ಏಡನ್ನಿಗೆ ತೆರಳಿ ಅಲ್ಲಿನ ನೀರು ಮತ್ತು ಚರಂಡಿ ವ್ಯವಸ್ಥೆಗೆ ಸಲಹೆ ನೀಡಿದರು.

ಅವರ ಹೆಸರು ದೂರದೂರ ಹಬ್ಬಿದ್ದು ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಿಂದ. ಅಲ್ಲಿ ಮಳೆಗಾಲದ ಹೆಚ್ಚುವರಿ ನೀರು ಕೋಡಿ ಹರಿದು ವ್ಯರ್ಥವಾಗುತ್ತಿತ್ತು. ಕಟ್ಟೆಯನ್ನು ಎತ್ತರಿಸಲು ಹೊರಟರೆ ಖರ್ಚು ಹೆಚ್ಚು, ಹಳೆಯ ಗೋಡೆಯ ಮೇಲೆ ಭಾರವೂ ಹೆಚ್ಚು. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ನೀರು ನಿಗದಿತ ಮಟ್ಟ ಮುಟ್ಟುವವರೆಗೆ ಬಾಗಿಲು ಮುಚ್ಚಿರುತ್ತದೆ. ಮಟ್ಟ ಮೀರಿದೊಡನೆ ತಾನಾಗಿ ತೆರೆದುಕೊಳ್ಳುತ್ತದೆ. ನೆರೆ ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. 1903ರಲ್ಲಿ ಅಳವಡಿಸಿದ ಈ ಬಾಗಿಲುಗಳಿಂದ ಕಟ್ಟೆಯನ್ನು ಎತ್ತರಿಸದೆಯೇ ಸುಮಾರು ಎಂಟು ಅಡಿ ಹೆಚ್ಚು ನೀರು ನಿಲ್ಲಿಸಲು ಸಾಧ್ಯವಾಯಿತು. ಈ ವಿಧಾನಕ್ಕೆ ಅವರಿಗೆ ಪೇಟೆಂಟ್ ದೊರಕಿತಾದರೂ, ಸರಕಾರಿ ಸೇವೆಯಲ್ಲಿದ್ದು ಮಾಡಿದ ಕೆಲಸವೆಂದು ಗೌರವಧನ ಪಡೆಯಲು ಅವರು ಒಪ್ಪಲಿಲ್ಲ.

ನಡುರಾತ್ರಿ ಕಾವಲುಗಾರ ನಿದ್ದೆಹೋದರೂ ಕೆಳಗಿನ ಊರಿಗೆ ಅಪಾಯವಾಗಬಾರದು ಎಂಬ ಎಚ್ಚರ ಈ ಬಾಗಿಲುಗಳಲ್ಲಿದೆ. ಇಂಥ ಎಚ್ಚರವನ್ನು ರೂಢಿಸಿಕೊಂಡವರೇ ಹೈದರಾಬಾದಿಗೆ ಬೇಕಾಗಿದ್ದರು.

1908ರ ಆ ಎರಡು ದಿನ

1908ರಲ್ಲಿ ವಿಶ್ವೇಶ್ವರಯ್ಯನವರು ಮುಂಬಯಿ ಸರಕಾರದ ಸೇವೆಯಿಂದ ನಿವೃತ್ತಿ ಪಡೆದು ವಿದೇಶ ಪ್ರವಾಸದಲ್ಲಿದ್ದರು. ಅದೇ ವರ್ಷ ಸೆಪ್ಟೆಂಬರ್ ಕೊನೆಯ ವಾರ ಹೈದರಾಬಾದಿನ ಮೇಲೆ ಆಕಾಶವೇ ಕಳಚಿ ಬಿತ್ತು. ನಗರದ ದಕ್ಷಿಣಕ್ಕಿರುವ ಶಂಶಾಬಾದ್‌ನಲ್ಲಿ 24 ಗಂಟೆಗಳಲ್ಲಿ 12.8 ಇಂಚು, 48 ಗಂಟೆಗಳಲ್ಲಿ 18.9 ಇಂಚು ಮಳೆ ದಾಖಲಾಯಿತು. ಮೂಸಿಯ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದವು. ಅವುಗಳಲ್ಲಿ 221 ಕೆರೆಗಳ ಕಟ್ಟೆ ಒಡೆಯಿತು. ಮೇಲಿನ ಕೆರೆ ಒಡೆದ ರಭಸಕ್ಕೆ ಕೆಳಗಿನ ಕೆರೆ ಒಡೆದು, ಆ ನೀರೆಲ್ಲ ಒಟ್ಟಾಗಿ ನಗರಕ್ಕೆ ನುಗ್ಗಿತು. ನದಿಯಲ್ಲಿ ಹರಿದ ನೀರಿನ ಪ್ರಮಾಣ 4,25,000 ಕ್ಯೂಸೆಕ್ ಎಂದು ಬಳಿಕ ಲೆಕ್ಕ ಹಾಕಲಾಯಿತು.

ಸೆಪ್ಟೆಂಬರ್ 28ರಂದು ಅಫ್ಜಲ್‌ಗಂಜ್, ಕೋಲ್ಸಾವಾಡಿ, ಚಾದರ್‌ಘಾಟ್ ಸುತ್ತಲ ಬಡಾವಣೆಗಳು ಕೊಚ್ಚಿಹೋದವು. ಸುಮಾರು 19,000 ಮನೆಗಳು ನೆಲಸಮವಾಗಿ 80,000 ಮಂದಿ ನಿರ್ಗತಿಕರಾದರು. ಸತ್ತವರ ಲೆಕ್ಕ ಒಂದೊಂದು ಬರಹದಲ್ಲಿ ಒಂದೊಂದು ತೆರನಾಗಿದ್ದು, 15,000 ಎಂಬ ಅಂದಾಜು ಹೆಚ್ಚು ಬಳಕೆಯಲ್ಲಿದೆ. ಉರ್ದು ಕವಿ ಅಮ್ಜದ್ ಹೈದರಾಬಾದಿಯವರು ತಮ್ಮ ತಾಯಿ, ಪತ್ನಿ ಮತ್ತು ಮಗಳನ್ನು ಆ ನೀರಿನಲ್ಲೇ ಕಳೆದುಕೊಂಡರು. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹಳೆಯ ಹುಣಸೆಮರವನ್ನೇರಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರು. ಅಂದು ಮರವೇ ಏಣಿ, ಕೊಂಬೆಯೇ ಹಗ್ಗ. ಕನ್ನಡಿಗರಿಗೆ ಪರಿಚಿತವಾದ ಕಾಚಿಗುಡಾದ ಕರ್ನಾಟಕ ಸಾಹಿತ್ಯ ಮಂದಿರದಿಂದ ಚಾದರ್‌ಘಾಟ್ ಹೆಚ್ಚು ದೂರವೇನಲ್ಲ ಎಂದರೆ ಅನಾಹುತ ನಡೆದ ಜಾಗದ ಅಂದಾಜು ಸಿಗುತ್ತದೆ.

ಬೀದರ, ಕಲಬುರಗಿ, ರಾಯಚೂರು ಪ್ರದೇಶಗಳೂ ಆಗ ನಿಜಾಮರ ಆಡಳಿತದಲ್ಲಿದ್ದವು. ಆ ಭಾಗದ ಕನ್ನಡಿಗರಿಗೆ ಹೈದರಾಬಾದ್ ಎಂದರೆ ರಾಜಧಾನಿ. ಹೀಗಾಗಿ ಮೂಸಿಯ ಪ್ರವಾಹ ಅವರಿಗೂ ಪರರ ಮನೆಯ ಕಷ್ಟವಾಗಿರಲಿಲ್ಲ.

ಏಳು ತಿಂಗಳ ಕೆಲಸ

ಆಗ ಆರನೆಯ ನಿಜಾಮ್ ಮೀರ್ ಮಹಬೂಬ್ ಅಲಿ ಖಾನ್ ಅವರ ಆಳ್ವಿಕೆ. ಮಹಾರಾಜಾ ಕಿಶನ್ ಪರ್ಶಾದ್ ಪ್ರಧಾನಮಂತ್ರಿಗಳು. ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮ್ ಸರಕಾರದಿಂದ ಕರೆ ಹೋಯಿತು. ಕೈಗೊಂಡ ಪ್ರವಾಸವನ್ನು ಮುಗಿಸಿಕೊಂಡು ಬರುವುದಾಗಿ ಒಪ್ಪಿದ ಅವರು 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದಿಳಿದರು. ಅವರಿಗೆ ಒಪ್ಪಿಸಿದ ಕೆಲಸ ಮೂರು ಬಗೆಯದು. ಹಾಳಾದ ನಗರವನ್ನು ಮತ್ತೆ ಕಟ್ಟಲು ಸಲಹೆ ಕೊಡುವುದು, ಮುಂದೆ ನೆರೆ ಬಾರದಂತೆ ಯೋಜನೆ ರೂಪಿಸುವುದು ಮತ್ತು ನಗರಕ್ಕೆ ಒಳಚರಂಡಿಯ ನಕ್ಷೆ ಸಿದ್ಧಪಡಿಸುವುದು.

ಪ್ರವಾಹ ಬಂದು ಆರು ತಿಂಗಳು ಕಳೆದಿತ್ತು. ಏಪ್ರಿಲ್ ಬಿಸಿಲಿನಲ್ಲಿ ಮೂಸಿ ಸೊರಗಿರುವ ಕಾಲ. ಇಂಥ ಹೊತ್ತಿನಲ್ಲಿ ನೆರೆಯ ಮಾತು ಯಾರಿಗೂ ರುಚಿಸುವುದಿಲ್ಲ. ಆದರೆ ಅವರು ಮಳೆಯ ದಾಖಲೆ, ಕೆರೆಗಳ ಪಟ್ಟಿ, ಒಡೆದ ಕಟ್ಟೆಗಳ ವಿವರ, ಹರಿದ ನೀರಿನ ಅಳತೆಗಳನ್ನು ಒಂದೊಂದಾಗಿ ಕಲೆಹಾಕಿದರು. ಹಿಂದೆ ಬಂದದ್ದು ಎಷ್ಟು ಎಂದು ತಿಳಿಯದೆ ಮುಂದೆ ಬರುವುದನ್ನು ತಡೆಯಲಾಗದು ಎಂಬುದು ಅವರ ಕ್ರಮ. ಊಹೆಯ ಮಾತಿಗೆ ಅವರಲ್ಲಿ ಬೆಲೆಯಿರಲಿಲ್ಲ. ಕೈಕೆಳಗಿನವರು ಅಂಕಿಅಂಶವನ್ನು ಬರವಣಿಗೆಯಲ್ಲೇ ಒಪ್ಪಿಸಬೇಕಿತ್ತು. ಹೇಳಿದ ಹೊತ್ತಿಗೆ ಸರಿಯಾಗಿ ಬರಬೇಕಿತ್ತು. ಅವರ ಕೈಕೆಳಗೆ ದುಡಿದವರಿಗೆ ಕಚೇರಿಯೇ ಪಾಠಶಾಲೆಯಾಗುತ್ತಿತ್ತು.

1909ರ ಅಕ್ಟೋಬರ್ 1ರಂದು ಅವರು ವರದಿ ಒಪ್ಪಿಸಿದರು. ಅದರ ತಿರುಳು ಸರಳವಾದುದು. ನಗರದೊಳಗೆ ನದಿಗೆ ಗೋಡೆ ಕಟ್ಟಿದ ಮಾತ್ರಕ್ಕೆ ನೀರು ಕಡಿಮೆಯಾಗುವುದಿಲ್ಲ. ನಗರಕ್ಕೆ ಬರುವ ಮುನ್ನವೇ, ಮೇಲ್ಭಾಗದಲ್ಲಿ ನೀರನ್ನು ಹಿಡಿದು ನಿಲ್ಲಿಸಿ, ನದಿಯ ಪಾತ್ರ ತಾಳುವಷ್ಟನ್ನು ಮಾತ್ರ ಕೆಳಗೆ ಬಿಡಬೇಕು. ಇದಕ್ಕಾಗಿ ಮೂಸಿಗೆ ಒಂದು, ಅದರ ಉಪನದಿಯಾದ ಈಸಿಗೆ ಇನ್ನೊಂದು, ಹೀಗೆ ಎರಡು ಜಲಾಶಯಗಳನ್ನು ಅವರು ಸೂಚಿಸಿದರು. ನದಿಯ ದಂಡೆಗಳನ್ನು ಎತ್ತರಿಸಿ ಬಲಪಡಿಸುವುದು, ದಂಡೆಯುದ್ದಕ್ಕೂ ರಸ್ತೆ ಹಾಗೂ ಉದ್ಯಾನ ನಿರ್ಮಿಸುವುದು ಕೂಡ ಯೋಜನೆಯಲ್ಲಿ ಸೇರಿದ್ದವು. ಉದ್ಯಾನವಿರುವ ಕಡೆ ಮನೆಗಳು ಏಳುವುದಿಲ್ಲ, ನೀರು ಉಕ್ಕಿದರೂ ಜೀವಹಾನಿಯಾಗುವುದಿಲ್ಲ ಎಂಬ ಅನುಕೂಲವೂ ಇದರಲ್ಲಿತ್ತು.

ಬೇರೆಯವರ ಕೈಯಲ್ಲಿ ಬೆಳೆದ ಯೋಜನೆ

ವರದಿ ಕೊಟ್ಟ ಮರು ತಿಂಗಳೇ, ಅಂದರೆ 1909ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ ತೆರಳಿದರು. ಅವರು ಹೋದ ಮೇಲೆ ವರದಿ ಕಪಾಟು ಸೇರಿದ್ದರೆ ಅಚ್ಚರಿಯೇನೂ ಇರಲಿಲ್ಲ. ಹಾಗಾಗಲಿಲ್ಲ. ಕಾರಣ, ತಾವಿಲ್ಲದಿದ್ದರೂ ಕೆಲಸ ನಡೆಯುವಂತೆ ಲೆಕ್ಕ, ಅಳತೆ, ಸ್ಥಳ ಎಲ್ಲವನ್ನೂ ಅವರು ಸ್ಪಷ್ಟವಾಗಿ ಬರೆದಿಟ್ಟಿದ್ದರು. ನಿಜಾಮ್ ಸರಕಾರವೂ ಅದನ್ನು ಮನಸ್ಸಿಗೆ ತೆಗೆದುಕೊಂಡಿತು.

1911ರಲ್ಲಿ ಮಹಬೂಬ್ ಅಲಿ ಖಾನ್ ತೀರಿಕೊಂಡು ಮೀರ್ ಉಸ್ಮಾನ್ ಅಲಿ ಖಾನ್ ಏಳನೆಯ ನಿಜಾಮರಾದರು. 1912ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. 1913ರಲ್ಲಿ ಮೂಸಿಯ ಜಲಾಶಯಕ್ಕೆ ಅಡಿಗಲ್ಲು ಬಿತ್ತು. 1920ರಲ್ಲಿ ಕೆಲಸ ಮುಗಿದಾಗ ನಿಜಾಮರ ಹೆಸರಿನಲ್ಲಿ ಅದು ಉಸ್ಮಾನ್ ಸಾಗರವಾಯಿತು. ಜನರ ಬಾಯಲ್ಲಿ ಅದು ಗಂಡಿಪೇಟೆ ಕೆರೆ. ಈಸಿ ನದಿಯ ಜಲಾಶಯ 1927ರಲ್ಲಿ ಪೂರ್ಣಗೊಂಡು ಹಿಮಾಯತ್ ಸಾಗರವೆನಿಸಿತು. ನದಿಯ ದಂಡೆಯಲ್ಲಿ ಹೈಕೋರ್ಟ್, ಉಸ್ಮಾನಿಯಾ ಆಸ್ಪತ್ರೆ, ಸಿಟಿ ಕಾಲೇಜುಗಳ ಭವ್ಯ ಕಟ್ಟಡಗಳು ತಲೆಯೆತ್ತಿದವು. ವಿಶ್ವೇಶ್ವರಯ್ಯನವರು 1920ರ ದಶಕದಲ್ಲಿ ಮತ್ತೆ ಇಲ್ಲಿಗೆ ಬಂದು, ಉಳಿದ ಕೆಲಸಗಳಿಗೆ ಸಲಹೆ ನೀಡಿ ಹೋದರು.

ಜಲಾಶಯಗಳು ನೆರೆ ತಡೆಯಲೆಂದು ಹುಟ್ಟಿದರೂ ನಗರದ ದಾಹವನ್ನೂ ತಣಿಸಿದವು. ಮಂಜೀರಾ, ಕೃಷ್ಣಾ, ಗೋದಾವರಿ ನೀರು ಬರುವವರೆಗೆ ನಗರದ ನಲ್ಲಿಗಳಿಗೆ ಈ ಎರಡು ಕೆರೆಗಳೇ ಮುಖ್ಯ ಆಧಾರ. ಬೆಂಕಿ ಆರಿಸುವ ವಾಹನ ಎಷ್ಟೇ ಬೇಗ ಬಂದರೂ ಟ್ಯಾಂಕಿನಲ್ಲಿ ನೀರಿಲ್ಲದಿದ್ದರೆ ಪ್ರಯೋಜನವಿಲ್ಲ. ನಗರವೊಂದಕ್ಕೆ ನಂಬಿಕೆಯ ನೀರಿನ ಆಸರೆ ಸಿಗುವುದು ಅಗ್ನಿಶಾಮಕ ಸೇವೆಗೂ ಬಲ.

ಹೈದರಾಬಾದ್ ಸಂಸ್ಥಾನದ ಇಂಜಿನಿಯರುಗಳೂ ಹಿಂದೆ ಬೀಳಲಿಲ್ಲ. ಇಲ್ಲಿನವರೇ ಆದ ನವಾಬ್ ಅಲಿ ನವಾಜ್ ಜಂಗ್ ಬಹದ್ದೂರ್ ಅವರು ಮಂಜೀರಾ ನದಿಗೆ ನಿಜಾಮ್ ಸಾಗರವನ್ನು ಕಟ್ಟಿಸಿ ಹೆಸರಾದರು. ತೆಲಂಗಾಣ ರಾಜ್ಯ ಅವರ ಹುಟ್ಟುಹಬ್ಬವಾದ ಜುಲೈ 11ನ್ನು ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ. ದೇಶವೆಲ್ಲ ಆ ದಿನವನ್ನು ಆಚರಿಸುವುದು ವಿಶ್ವೇಶ್ವರಯ್ಯನವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15ರಂದು. ಹೀಗೆ ಇಬ್ಬರು ಹಿರಿಯರನ್ನು ಎರಡು ಬಾರಿ ನೆನೆಯುವ ಭಾಗ್ಯ ಇಲ್ಲಿನ ಇಂಜಿನಿಯರುಗಳದ್ದು.

ಕಲಿಸುವ ಮನೆಗಳು

ಮೈಸೂರಿನಲ್ಲಿ ಅವರು ಮಾಡಿದ ಕೆಲಸಗಳು ಎಲ್ಲರಿಗೂ ತಿಳಿದಿವೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕಾಮಗಾರಿ ಶುರುವಾಯಿತು. 1912ರಿಂದ 1918ರವರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದರು. 1915ರಲ್ಲಿ ಸರ್ ಪದವಿ ಬಂತು. ಅದೇ ವರ್ಷ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾದಾಗ ಅದರ ಹಿಂದೆ ಅವರ ಬೆಂಬಲವಿತ್ತು.

ಇವುಗಳ ನಡುವೆ ಮರೆಯಬಾರದ ಇನ್ನೊಂದು ಸಾಲು ಇದೆ. ಅಣೆಕಟ್ಟು ಕಟ್ಟಿದರೆ ಸಾಲದು, ಅದನ್ನು ಕಟ್ಟುವವರನ್ನೂ ಕಾಯುವವರನ್ನೂ ತಯಾರು ಮಾಡಬೇಕು ಎಂಬುದನ್ನು ಅವರು ಮನಗಂಡಿದ್ದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಸರಕಾರಿ ಇಂಜಿನಿಯರಿಂಗ್ ಕಾಲೇಜು ಅವರ ಕಾಲದಲ್ಲೇ ಆರಂಭವಾದವು. ಆ ಕಾಲೇಜಿಗೆ ಇಂದು ಅವರದೇ ಹೆಸರಿದೆ. 1943ರಲ್ಲಿ ಕುಶಲಕರ್ಮಿಗಳಿಗಾಗಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರರ ಹೆಸರಿನ ಔದ್ಯೋಗಿಕ ಸಂಸ್ಥೆ ಹುಟ್ಟಿದ್ದಕ್ಕೂ ಅವರೇ ಪ್ರೇರಣೆ. ಪದವೀಧರ ಇಂಜಿನಿಯರ್ ಎಷ್ಟು ಮುಖ್ಯವೋ, ಯಂತ್ರದ ಮುಂದೆ ನಿಂತು ಕೈ ಕೊಳೆ ಮಾಡಿಕೊಳ್ಳುವ ಕೆಲಸಗಾರನೂ ಅಷ್ಟೇ ಮುಖ್ಯ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಅಗ್ನಿಶಾಮಕ ಸೇವೆಯಲ್ಲೂ ಈ ತಿಳಿವಳಿಕೆ ಬೇರೆ ದಾರಿಯಿಂದ ಬಂತು. ಮುಂಬಯಿ ಡಾಕ್ ದುರಂತ ನಡೆದು ಹನ್ನೆರಡು ವರ್ಷಗಳ ಬಳಿಕ, 1956ರಲ್ಲಿ ದೇಶದ ಅಗ್ನಿಶಾಮಕ ಅಧಿಕಾರಿಗಳ ತರಬೇತಿಗೆಂದೇ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಆರಂಭವಾಯಿತು. ಇಂದು ಅದು ನಾಗಪುರದಲ್ಲಿದೆ. ಅನುಭವಿಗಳು ಹೊಸಬರ ಪಕ್ಕದಲ್ಲಿ ನಿಂತು ಹೋಸ್‌ಪೈಪು ಹಿಡಿಯಲು, ಏಣಿ ಏರಲು, ಹಗ್ಗದ ಗಂಟು ಹಾಕಲು ಕಲಿಸುವುದು ಈ ಸೇವೆಯ ಪರಂಪರೆ. ಒಬ್ಬರಿಗೆ ತಿಳಿದದ್ದು ಅವರೊಂದಿಗೇ ಹೋಗಿಬಿಟ್ಟರೆ ಮುಂದಿನ ಬೆಂಕಿಗೆ ಊರು ಮತ್ತೆ ಹೊಸದಾಗಿ ಬೆಲೆ ತೆರಬೇಕಾಗುತ್ತದೆ. ವಿಶ್ವೇಶ್ವರಯ್ಯನವರು ವರದಿ ಬರೆದಿಟ್ಟು, ಕಾಲೇಜು ಕಟ್ಟಿ ತಪ್ಪಿಸಲೆತ್ನಿಸಿದ್ದು ಇದೇ ನಷ್ಟವನ್ನು.

1955ರಲ್ಲಿ ಅವರಿಗೆ ಭಾರತರತ್ನ ಸಂದಿತು. ನೂರು ವರ್ಷಗಳ ತುಂಬುಬಾಳು ಬಾಳಿದ ಅವರು 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಅಂತ್ಯಸಂಸ್ಕಾರ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ನಡೆಯಿತು.

ಮೂಸಿ ಮರೆತಿಲ್ಲ

ಜಲಾಶಯಗಳು ಬಂದ ಮೇಲೆ 1908ರಂಥ ಅನಾಹುತ ಹೈದರಾಬಾದಿನಲ್ಲಿ ಮರುಕಳಿಸಿಲ್ಲ. ಹಾಗೆಂದು ಅಪಾಯ ತೊಲಗಿತೆಂದಲ್ಲ. ನಗರ ಬೆಳೆದಂತೆ ಹಳೆಯ ಕೆರೆಗಳು ಬಡಾವಣೆಗಳಾದವು, ರಾಜಕಾಲುವೆಗಳು ಕಿರಿದಾದವು. ಎರಡು ಜಲಾಶಯಗಳ ಸುತ್ತ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ನಿರ್ಮಾಣಗಳಿಗೆ ಕಡಿವಾಣ ಹಾಕುವ 111ನೇ ಸಂಖ್ಯೆಯ ಸರಕಾರಿ ಆದೇಶ 1996ರಲ್ಲಿ ಹೊರಬಿತ್ತು. ಅದು ಇರಬೇಕೇ ಬೇಡವೇ ಎಂಬ ಜಗ್ಗಾಟ ವರ್ಷಗಟ್ಟಲೆ ನಡೆಯಿತು. 2000ದ ಆಗಸ್ಟ್‌ನಲ್ಲಿ ಮತ್ತು 2020ರ ಅಕ್ಟೋಬರ್‌ನಲ್ಲಿ ಸುರಿದ ಮಳೆಗೆ ತಗ್ಗು ಪ್ರದೇಶಗಳು ಮುಳುಗಿದವು. 2020ರಲ್ಲಿ ಬಾಲಾಪುರದ ಗುರ್ರಂ ಚೆರುವು ಒಡೆದು ನೀರು ಮನೆಗಳಿಗೆ ನುಗ್ಗಿತು. ಕೆರೆ ಒಡೆದರೆ ಏನಾಗುತ್ತದೆಂದು 1909ರಲ್ಲೇ ಲೆಕ್ಕ ಸಮೇತ ಬರೆದಿಟ್ಟಿದ್ದರೂ ಪಾಠ ಅರ್ಧದಲ್ಲೇ ಮರೆತುಹೋಗಿತ್ತು.

2025ರ ಸೆಪ್ಟೆಂಬರ್ ಕೊನೆಯಲ್ಲಿ ಮೇಲ್ಭಾಗದ ಮಳೆಯಿಂದ ಎರಡೂ ಜಲಾಶಯಗಳ ಬಾಗಿಲು ತೆರೆದಾಗ, ಮೂಸಿಯ ನೀರು ಮಹಾತ್ಮ ಗಾಂಧಿ ಬಸ್ ನಿಲ್ದಾಣದೊಳಗೆ ಹರಿಯಿತು. ಕರ್ನಾಟಕದ ಕಡೆಗೆ ಹೋಗಿಬರುವ ಕನ್ನಡಿಗರಿಗೆ ಚಿರಪರಿಚಿತವಾದ ನಿಲ್ದಾಣವದು. ರಾತ್ರೋರಾತ್ರಿ ಅಲ್ಲಿದ್ದ ಪ್ರಯಾಣಿಕರನ್ನು ರಕ್ಷಣಾ ಸಿಬ್ಬಂದಿ ಸುರಕ್ಷಿತವಾಗಿ ಹೊರತಂದರು. 1908ರ ಪ್ರವಾಹದ ತಾರೀಖಿಗೂ ಇದಕ್ಕೂ ಒಂದೆರಡು ದಿನದ ಅಂತರವಷ್ಟೆ. 2024ರಲ್ಲಿ ರಚನೆಯಾದ ಹೈಡ್ರಾ ಸಂಸ್ಥೆಗೆ ವಿಪತ್ತು ನಿರ್ವಹಣೆ ಮತ್ತು ಕೆರೆಗಳ ರಕ್ಷಣೆ ಎರಡನ್ನೂ ಒಪ್ಪಿಸಲಾಗಿದೆ. ಕೆರೆ ಕಾಯುವುದೂ ಜೀವ ಕಾಯುವುದೂ ಒಂದೇ ಕೆಲಸ ಎಂಬ ಸರ್ ಎಂ.ವಿ. ಅವರ ಲೆಕ್ಕಾಚಾರಕ್ಕೆ ಇದು ತಡವಾಗಿ ಸಂದ ಮನ್ನಣೆ ಎನ್ನಬಹುದು.

ನೆರೆ ನುಗ್ಗಿದ ಮೇಲೆ ದೋಣಿ ಹತ್ತಿ ಹೋಗುವ, ಹೊಗೆ ತುಂಬಿದ ಮನೆಯೊಳಗೆ ನುಗ್ಗುವ ಸಿಬ್ಬಂದಿಯ ಸಾಹಸಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಅವರು ಅಷ್ಟು ದೊಡ್ಡ ಅಪಾಯಕ್ಕೆ ಇಳಿಯಬೇಕಾದ ಸಂದರ್ಭವನ್ನೇ ಕಡಿಮೆ ಮಾಡುವುದು ಊರಿನವರೆಲ್ಲರ ಹೊಣೆ. ಗಂಡಿಪೇಟೆಗೆ ಭಾನುವಾರದ ವಿಹಾರಕ್ಕೆ ಹೋಗುವ ಕನ್ನಡ ಕುಟುಂಬಗಳು ಕಟ್ಟೆಯ ಮೇಲೆ ನಿಂತಾಗ, ಇದು ಯಾರ ಲೆಕ್ಕದಿಂದ, ಯಾವ ಸಂಕಟದಿಂದ ಹುಟ್ಟಿತು ಎಂಬುದನ್ನು ಮಕ್ಕಳಿಗೆ ತಿಳಿಸಿ ಹೇಳಿದರೆ, ಮುದ್ದೇನಹಳ್ಳಿಯ ಆ ಹಿರಿಯ ಚೇತನಕ್ಕೆ ಅದಕ್ಕಿಂತ ಮಿಗಿಲಾದ ಗೌರವ ಬೇರೊಂದಿಲ್ಲ.